ವರ್ಣನೆ ಮತ್ತು ಲಕ್ಷಣ: ಗೊಣ್ಣೆಹುಳದ ದುಂಬಿಯ ನಿದರ್ಶನ

ಕಾವ್ಯದಲ್ಲಿ ದುಂಬಿಯೆಂದರೆ ಮಕರಂದವನ್ನರಸುವ ಭ್ರಮರ. ಕೃಷಿಶಾಸ್ತ್ರದ ಕನ್ನಡದಲ್ಲಿ ಅದೇ ಪದ ಗಡಸಾದ ಹೊರರೆಕ್ಕೆಗಳುಳ್ಳ ಕೀಟಗಳನ್ನು ಸೂಚಿಸುತ್ತದೆ. ಕವಿಗೆ ದುಂಬಿಯ ವರ್ಣನೆ ಸಾಕು. ಶಾಸ್ತ್ರಕಾರನಿಗೆ ಅದರ ಲಕ್ಷಣ ಬೇಕು. ವರ್ಣನೆ ವಸ್ತುವನ್ನು ಕಣ್ಣಿಗೆ ಕಟ್ಟಿಸುತ್ತದೆ. ಲಕ್ಷಣವು ಅದನ್ನು ಅದರಂಥ ಉಳಿದವುಗಳಿಂದ ಬೇರ್ಪಡಿಸುತ್ತದೆ.

ಆದೋನಿ, ಆಲೂರು, ಪತ್ತಿಕೊಂಡ ಭಾಗದ ಶೇಂಗಾ ಬೆಳೆಗಾರರಿಗೆ ಈ ಭೇದ ಕೇವಲ ಪಾಠದ ವಿಷಯವಲ್ಲ. ಮುಂಗಾರಿನ ಮೊದಲ ಮಳೆಯಾದ ಮೇಲೆ ಕಂದು ಬಣ್ಣದ ದುಂಬಿಗಳು ಮುಸ್ಸಂಜೆಯಲ್ಲಿ ಮಣ್ಣಿನಿಂದೆದ್ದು ಬೇವು ಮೊದಲಾದ ಮರಗಳ ಎಲೆ ಮೇಯುತ್ತವೆ. ಮರಳಿ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬರುವ ಬಾಗಿದ ಬಿಳಿಯ ಹುಳು ಬೇರನ್ನು ತಿಂದು ಗಿಡವನ್ನು ಒಣಗಿಸುತ್ತದೆ. ಗೊಣ್ಣೆಹುಳು, ಬೇರುಹುಳು, ತೆಲುಗಿನ ವೇರುಪುರುಗು ಎಂಬ ಹೆಸರುಗಳು ಹುಳದ ರೂಪವನ್ನೋ ಹಾವಳಿಯನ್ನೋ ಹೇಳುತ್ತವೆ, ಜಾತಿಯನ್ನು ಹೇಳುವುದಿಲ್ಲ.

ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡುಗಳ ಶೇಂಗಾ ಹೊಲಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಈ ಒಂದು ಹೆಸರಿನ ಹಿಂದೆ ಹಲವು ಜಾತಿಗಳಿರುವುದು ಕಂಡುಬಂದಿತು. ದಖ್ಖನ್ನಿನ ಮಧ್ಯಭಾಗದಲ್ಲಿ ಹೋಲೋಟ್ರೈಕಿಯಾ ರೇನೋಡಿ, ಪಶ್ಚಿಮಕ್ಕೆ ಹೋದಂತೆ ಹೋಲೋಟ್ರೈಕಿಯಾ ಸೆರಾಟಾ ಹೆಚ್ಚಾಗಿದ್ದವು. ಹೈದರಾಬಾದಿನ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ರೇನೋಡಿಯೊಡನೆ ಬೆರೆತು ಅದುವರೆಗೆ ಯಾರೂ ವರ್ಣಿಸದಿದ್ದ ಇನ್ನೊಂದು ಜಾತಿಯೂ ದೊರೆಯಿತು. ಹೆಸರಿಲ್ಲದ ಅದನ್ನು ‘ಕಾನ್ಸಾಂಗ್ವಿನಿಯಾಕ್ಕೆ ಸಮೀಪವಾದುದು’ ಎಂದು ಗುರುತಿಸಲಾಯಿತು. ಬೆರೆತ ಎರಡು ಜಾತಿಗಳನ್ನು ಒಂದೆಂದು ತಿಳಿದರೆ ಮೊಟ್ಟೆಯಿಡುವ ಕಾಲ, ಮೇಯುವ ಮರ, ಔಷಧದ ಪರಿಣಾಮಗಳ ಲೆಕ್ಕವೂ ಬೆರೆತುಹೋಗುತ್ತದೆ.

ಇಂಥ ಜಾತಿಗೆ ಲಕ್ಷಣ ಹೇಳುವುದು ಹೇಗೆ? ನ್ಯಾಯಶಾಸ್ತ್ರ ಎಚ್ಚರಿಸುವ ಮೂರು ದೋಷಗಳು ಇಲ್ಲಿಯೂ ಅನ್ವಯಿಸುತ್ತವೆ. ‘ಮಳೆಯ ಬಳಿಕ ಏಳುವ ಕಂದು ದುಂಬಿ’ ಎಂದರೆ ಬೇರೆ ಜಾತಿಗಳೂ ಅದರೊಳಗೆ ಬರುತ್ತವೆ, ಅದು ಅತಿವ್ಯಾಪ್ತಿ. ಈ ಕುಲದಲ್ಲಿ ಗಂಡಿನ ಜನನಾಂಗದ ರಚನೆ ಜಾತಿನಿರ್ಣಯಕ್ಕೆ ಬಹುಮುಖ್ಯ ಆಧಾರ. ಆದರೆ ಅಷ್ಟನ್ನೇ ಹೇಳಿದರೆ ಹೆಣ್ಣೂ ಹುಳುವೂ ಹೊರಗುಳಿಯುತ್ತವೆ, ಅದು ಅವ್ಯಾಪ್ತಿ. ಆದ್ದರಿಂದ ಹುಳದ ಕೊನೆಯ ಖಂಡದ ಅಡಿಯಲ್ಲಿರುವ ರೋಮಗಳ ಜೋಡಣೆಯನ್ನೂ ನೋಡುತ್ತಾರೆ. ಎಂಟು ಕಾಲಿನ ದುಂಬಿ ಎಂಬುದು ಅಸಂಭವ.

ಹೊಸ ಜಾತಿಯ ನಿರೂಪಣೆಯ ವಿನ್ಯಾಸವೂ ಕನ್ನಡ ವಿದ್ಯಾರ್ಥಿಗೆ ಅಪರಿಚಿತವಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳಿರುವಂತೆ ಇಲ್ಲಿಯೂ ಮೂರು ಅಂಗಗಳಿವೆ. ಭೇದಕ ಗುಣಗಳನ್ನಷ್ಟೇ ಹೇಳುವ ಸಂಕ್ಷಿಪ್ತ ಭಾಗ ಸೂತ್ರದಂತೆ. ತಲೆ, ಮೀಸೆ, ಎದೆ, ಹೊರರೆಕ್ಕೆ, ಕಾಲು, ಉದರಗಳನ್ನು ಕ್ರಮವಾಗಿ ಅಳತೆಸಹಿತ ವಿವರಿಸುವ ಭಾಗ ವೃತ್ತಿಯಂತೆ. ಸಂಗ್ರಹಾಲಯದಲ್ಲಿ ಕಾಪಿಡುವ ಮಾದರಿ ಕೀಟ ಪ್ರಯೋಗದಂತೆ. ಮುಂದೆ ಸಂದೇಹ ಬಂದಾಗ ಆ ಮಾದರಿಯೇ ಸಾಕ್ಷಿ.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ 1930ರ ನಂತರದ ಹೊಸ ಹೆಸರಿಗೆ ಭೇದಕ ಲಕ್ಷಣಗಳನ್ನು ಮಾತಿನಲ್ಲಿ ಹೇಳುವ ನಿರೂಪಣೆಯ ಆಧಾರವಿರಬೇಕು, ಚಿತ್ರವೊಂದೇ ಸಾಲದು. ಹೆಸರು ಲ್ಯಾಟಿನ್ ಅಕ್ಷರಗಳಲ್ಲಿರಬೇಕು. ನಿರೂಪಣೆ ವ್ಯಾಪಕ ಬಳಕೆಯ ಭಾಷೆಯಲ್ಲಿರಲಿ ಎಂಬ ಶಿಫಾರಸು ಉಂಟಾದರೂ ಇಂಥದೇ ಭಾಷೆಯೆಂಬ ಕಟ್ಟುಪಾಡಿಲ್ಲ. ಅಂದರೆ ಕನ್ನಡದ ನಿರೂಪಣೆಗೂ ನಿಯಮದ ತಡೆಯಿಲ್ಲ. ಬೇಕಾದುದು ಅಂಗಕ್ಕೊಂದು ಖಚಿತ ಪದ, ಪದಕ್ಕೊಂದೇ ಅರ್ಥ.

ಅಭ್ಯಾಸ: ಹೊಲದ ಬದುವಿನಲ್ಲಿ ಸಿಗುವ, ನೋಡಲು ಒಂದೇ ತೆರನಾದ ಎರಡು ದುಂಬಿಗಳನ್ನು ಆರಿಸಿಕೊಂಡು, ಉಪಮೆಯಿಲ್ಲದೆ ಐದು ವಾಕ್ಯಗಳಲ್ಲಿ ಒಂದರ ಲಕ್ಷಣ ಬರೆಯಿರಿ. ಅದನ್ನು ಓದಿದ ಸಹಪಾಠಿ ಎರಡರಲ್ಲಿ ಅದು ಯಾವುದೆಂದು ಗುರುತಿಸಲಾಗದಿದ್ದರೆ, ಯಾವ ದೋಷ ಉಂಟಾಗಿದೆಯೆಂಬುದನ್ನು ವಿವೇಚಿಸಿರಿ.