ಗಂಟೆಯೊಳಗಣ ಸ್ವರಮೇಳ

ಉಡುಪಿಯ ಕೃಷ್ಣಮಠದ ಗಂಟೆಯಾಗಲಿ, ಕಾರ್ಕಳದ ಅತ್ತೂರಿನ ಇಗರ್ಜಿಯ ಗಂಟೆಯಾಗಲಿ ಒಂದೇ ಸ್ವರವನ್ನು ನುಡಿಯುವುದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಹಲವು ಸ್ವರಗಳ ಮೇಳ. ವೀಣೆಯ ತಂತಿಯಲ್ಲಿ ಹುಟ್ಟುವ ಉಪಸ್ವರಗಳ ಕಂಪನಸಂಖ್ಯೆಗಳು ಮೂಲಸ್ವರದ 2, 3, 4 ಮಡಿಗಳಷ್ಟಿರುತ್ತವೆ. ಗಂಟೆಗೆ ಈ ಕಟ್ಟಿಲ್ಲ. ಅದರ ಆಕಾರ ಮತ್ತು ದಪ್ಪಗಳೇ ಉಪಸ್ವರಗಳನ್ನು ನಿರ್ಣಯಿಸುತ್ತವೆ. ಆದುದರಿಂದಲೇ ಗಂಟೆಯ ನಾದವು ತಂತಿಯ ಶ್ರುತಿಯೊಡನೆ ಸುಲಭವಾಗಿ ಬೆರೆಯದು.

ಈ ತೊಡಕನ್ನೇ ಸಂಗೀತವಾಗಿಸಿದವರು ಇಂಗ್ಲೆಂಡಿನ ಜೊನಾಥನ್ ಹಾರ್ವೆ. ವಿಂಚೆಸ್ಟರ್ ಕೆಥೆಡ್ರಲಿನ ದೊಡ್ಡ ಗಂಟೆಯ ನಾದವನ್ನು ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ಗಣಕಯಂತ್ರದಿಂದ ಬಿಡಿಸಿ, ಅದರ ಉಪಸ್ವರಗಳ ಮೇಲೆ 8 ಭಾಗಗಳ ಕೃತಿಯೊಂದನ್ನು ಅವರು 1980ರಲ್ಲಿ ರಚಿಸಿದರು. ಗಂಟೆಯೊಡನೆ ಅವರ ಮಗನ ಕಂಠವೂ ಅದರಲ್ಲಿದೆ.

ಮುಂದೆ ಗಂಟೆ ಬಾರಿಸಿದಾಗ ಕಿವಿಗೊಟ್ಟು ಕೇಳೋಣ. ತಾರಸ್ವರಗಳು ಬೇಗನೆ ಅಡಗುವುವು. ಮಂದ್ರದ ಗುಂಜನವೊಂದೇ ಕೊನೆಯವರೆಗೆ ಉಳಿಯುವುದು.