ಪೊಲೀಸರು ಶಾಲೆಗೆ ಬಂದು ಹೋದ ಮೇಲೆ ನಮ್ಮ ಕೆಲಸ



ಪ್ರತಿ ವರ್ಷ ಜೂನ್ 26 ಮಾದಕ ವಸ್ತು ವಿರೋಧಿ ದಿನ. ವಿಶ್ವಸಂಸ್ಥೆ 1987ರಲ್ಲಿ ಗೊತ್ತು ಮಾಡಿದ ದಿನ ಇದು. ಆ ಹೊತ್ತಿಗೆ ನಮ್ಮ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಪೊಲೀಸರು ಬಂದು ಮಾತಾಡ್ತಾರೆ, ಮಕ್ಕಳು ಫಲಕ ಹಿಡಿದು ಊರೊಳಗೆ ಜಾಥಾ ಹೋಗ್ತಾರೆ. ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಠಾಣೆಗೇ ಕರೆದು ತೋರಿಸುತ್ತಾರೆ. ಒಳ್ಳೆಯದೇ. ಆದರೆ ಜಾಥಾ ಮುಗಿದ ಮಾರನೇ ದಿನ ಏನು? ಈ ಪಾಠದಲ್ಲಿ ಅದನ್ನು ವಿಚಾರ ಮಾಡೋಣ.

‘ಇದೆಲ್ಲ ಬೆಂಗಳೂರಿನ ರೋಗ, ನಮ್ಮ ಹಳ್ಳಿಗೆ ಎಲ್ಲಿ ಬರುತ್ತೆ’ ಅನ್ನುವವರು ಇನ್ನೂ ಇದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಬಳಿ ಎಕರೆಗಟ್ಟಲೆ ಹೊಲದಲ್ಲಿ ಬೆಳೆದಿದ್ದ ಗಾಂಜಾವನ್ನು ಪೊಲೀಸರು ಹಿಡಿದರು. ರಾಜ್ಯಕ್ಕೆಲ್ಲ ಸುದ್ದಿಯಾಯಿತು. ನಮ್ಮದು ಮಳೆ ನೆಚ್ಚಿಕೊಂಡ ಶೇಂಗಾದ ಸೀಮೆ. ಬೆಳೆ ಕೈಕೊಟ್ಟ ವರ್ಷ ಯಾರೋ ಬಂದು ‘ಹೊಲ ಗುತ್ತಿಗೆಗೆ ಕೊಡಿ, ಕೈ ತುಂಬ ದುಡ್ಡು ಕೊಡ್ತೀವಿ’ ಅಂದರೆ ಆಸೆ ಆಗೋದು ಸಹಜ. ಏನು ಬಿತ್ತುತ್ತಾರೆ ಅಂತ ತಿಳಿಯದೆ ಹೊಲ ಬಿಡಬೇಡಿ. 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹಿತ್ತಲಲ್ಲಿ, ಬದುವಿನಲ್ಲಿ ಒಂದೆರಡು ಗಿಡ ಹಾಕಿದರೂ ಅದು ಅಪರಾಧವೇ.

ಮಕ್ಕಳ ಕೈಗೆ ಮೊದಲು ಸಿಗೋದು ಗಾಂಜಾ ಅಲ್ಲ. ಗುಟ್ಕಾ, ಬೀಡಿ, ಪಂಕ್ಚರ್ ಅಂಗಡಿಯ ಸಲ್ಯೂಷನ್, ಬರೆದದ್ದು ಅಳಿಸುವ ವೈಟ್ನರ್. ಇವನ್ನು ಬಟ್ಟೆಗೆ ಹಾಕಿ ಮೂಸುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ಮಾತು ನಮ್ಮನ್ನು ಬೆಚ್ಚಿಬೀಳಿಸುತ್ತದೆ: ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಚಟ ಅಂದರೆ ಈ ಮೂಸುವ ಚಟ ಒಂದೇ. ಅಗ್ಗ, ಅಂಗಡಿಯಲ್ಲಿ ಸಿಗುತ್ತೆ, ಯಾರೂ ಕೇಳೋದಿಲ್ಲ. ಮೊದಲನೇ ಸಲ ಮೂಸಿದಾಗಲೇ ಹೃದಯ ನಿಂತು ಸಾಯುವುದೂ ಉಂಟು.

ಈಗ ಭಾಷಣದ ವಿಷಯ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ‘ಡೇರ್’ ಅನ್ನುವ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರೇ ತರಗತಿಗೆ ಹೋಗಿ ಪಾಠ ಮಾಡುತ್ತಿದ್ದರು. ದೇಶವೆಲ್ಲ ಹಬ್ಬಿತು. ವರ್ಷಗಳ ನಂತರ ಪರೀಕ್ಷೆ ಮಾಡಿ ನೋಡಿದಾಗ, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಪಾಠವನ್ನೇ ಬದಲಿಸಬೇಕಾಯಿತು. ಬರೀ ಹೆದರಿಸುವ ಭಾಷಣ, ಒಂದು ದಿನದ ಉಪನ್ಯಾಸ ಇವುಗಳಿಂದ ಪ್ರಯೋಜನ ಕಡಿಮೆ ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ಗೆಳೆಯ ‘ಒಂದು ದಮ್ ಎಳಿ’ ಅಂದಾಗ ಬೇಡ ಅನ್ನೋದು ಹೇಗೆ ಅಂತ ಕಲಿಸೋದು, ಮನೆಯಲ್ಲಿ ಮಕ್ಕಳ ಜೊತೆ ಕೂತು ಮಾತಾಡೋದು, ಇವು ಕೆಲಸ ಮಾಡುತ್ತವೆ. ಹಾಗಂತ ಪೊಲೀಸರು ಬರೋದೇ ಬೇಡ ಅಂತಲ್ಲ. ಒಂದು ದಿನದ ಕೆಲಸ ಅವರದು, ಉಳಿದ ದಿನಗಳದ್ದು ನಮ್ಮದು.

ಇನ್ನೊಂದು ಮಾತು. ಶಾಲೆಯ ಭಾಷಣ ಶಾಲೆಯಲ್ಲಿ ಇರುವವರಿಗೆ. ಎಸ್ಸೆಸ್ಸೆಲ್ಸಿ ಫೇಲಾಗಿ ಲಾರಿ ಕ್ಲೀನರ್ ಆದವನು, ಗ್ಯಾರೇಜಿಗೆ ಹೋಗುವವನು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಊರಿಗೆ ಬರುವವನು, ಇವರಿಗೆ ಹೇಳುವವರು ಯಾರು? ಇಂಥ ಹುಡುಗ್ರು ಯಾರ ಮನೆಯಲ್ಲಿದ್ದಾರೆ ಅಂತ ಠಾಣೆಗಿಂತ ನಮ್ಮ ಸಂಘಕ್ಕೇ ಚೆನ್ನಾಗಿ ಗೊತ್ತು.

‘ಹೇಳಿದ್ರೆ ನನ್ನ ಮಗನನ್ನೇ ಹಿಡ್ಕೊಂಡು ಹೋಗ್ತಾರೆ’ ಅನ್ನುವ ಭಯದಿಂದಲೇ ಎಷ್ಟೋ ತಾಯಂದಿರು ಬಾಯಿ ಬಿಡೋದಿಲ್ಲ. ಕಾನೂನು ಏನು ಹೇಳುತ್ತೆ ನೋಡಿ. ಗಾಂಜಾ ಸೇದುವುದು ಅಪರಾಧ, 6 ತಿಂಗಳವರೆಗೆ ಜೈಲಾಗಬಹುದು. ಆದರೆ ಅದೇ ಕಾಯ್ದೆಯ 64ಎ ಕಲಂ ಇದೆ. ಚಟಕ್ಕೆ ಬಿದ್ದವನು, ಸೇದಿದ್ದಕ್ಕೆ ಅಥವಾ ಸ್ವಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸಾಗಿದ್ದರೂ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಮಾರುವವನಿಗೆ ಈ ರಿಯಾಯಿತಿ ಇಲ್ಲ. ಮಾರುವವನ ಸುದ್ದಿ ಕೊಟ್ಟವರು ಯಾರು ಅಂತ ಹೇಳುವಂತೆ ಪೊಲೀಸರನ್ನು ಒತ್ತಾಯ ಮಾಡುವಂತಿಲ್ಲ ಎಂದೂ 68ನೇ ಕಲಂನಲ್ಲಿ ಇದೆ. ಒಬ್ಬರೇ ಹೋಗಲು ಭಯವಾದರೆ ಸಂಘದ ಹೆಸರಲ್ಲಿ ಹತ್ತು ಜನ ಹೋಗಿ. ಮಕ್ಕಳಿಗೆ ಮದ್ಯ, ಮಾದಕ, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ನಮ್ಮ ರಾಜ್ಯದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತೆಯೇ ಇಲ್ಲ. ಶಾಲೆ ಪಕ್ಕದ ಗೂಡಂಗಡಿಯವರಿಗೆ ಇದನ್ನು ಮೊದಲು ನಯವಾಗಿ ಹೇಳಿ ನೋಡೋಣ.

ಹೆಂಗಸರಿಂದ ಏನಾಗುತ್ತೆ ಅನ್ನಬೇಡಿ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1992ರಲ್ಲಿ ಅಕ್ಷರ ಕಲಿಯಲು ಕೂತ ಕೂಲಿ ಹೆಂಗಸರೇ ಸಾರಾಯಿ ಅಂಗಡಿ ಮುಚ್ಚಿಸಿದರು. ಮರುವರ್ಷ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ.

ಮಗನ ಕಣ್ಣು ಕೆಂಪಗಿದೆ, ದುಡ್ಡು ಕಾಣೆಯಾಗ್ತಿದೆ, ಹಳೇ ಗೆಳೆಯರನ್ನು ಬಿಟ್ಟಿದ್ದಾನೆ, ಬಟ್ಟೆಯಲ್ಲಿ ಸಲ್ಯೂಷನ್ ವಾಸನೆ ಇದೆ ಅಂದರೆ ಗಮನ ಕೊಡಿ. ಒಂದೇ ಲಕ್ಷಣ ನೋಡಿ ಕಳ್ಳನ ಹಾಗೆ ಹಿಡಿದು ಬಡಿಯಬೇಡಿ. ವಯಸ್ಸಿನ ಹುಡುಗ್ರು ಸುಮ್ಮನೆ ಮುನಿಸಿಕೊಳ್ಳೋದೂ ಇದೆ. ಗಾಂಜಾ ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ, ಸಿಟ್ಟು ಜಾಸ್ತಿ. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಲು ಓಡಾಡುವ ಕಾಲ ಅದು. ಅದರ ಬದಲು ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಕರೆದುಕೊಂಡು ಹೋಗಿ. ಹೆಚ್ಚಾಗಿ ಕುಡಿಯುವವರು ಮಾತ್ರ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು.

ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಚಟ ಬಿಡಿಸುವ ಸಲಹೆಗೆ 14446, ಮಾದಕ ವಸ್ತು ಮಾರಾಟದ ಮಾಹಿತಿ ಕೊಡಲು 1933, ಮಕ್ಕಳ ಸಹಾಯವಾಣಿ 1098, ಪೊಲೀಸ್ ತುರ್ತು ಕರೆ 112.

ಮುಂದಿನ ಸಭೆಗೆ ಬರುವಾಗ ನಿಮ್ಮ ಊರಿನ ಬೀಟ್ ಪೊಲೀಸರ ಹೆಸರು, ನಂಬರ್ ತಿಳಿದುಕೊಂಡು ಬನ್ನಿ. ಓದು ಬಿಟ್ಟ ಹುಡುಗ್ರಿಗಾಗಿ ಒಂದು ಸಂಜೆ ಊರಿನ ಕಟ್ಟೆಯ ಹತ್ತಿರವೇ ಪೊಲೀಸರನ್ನೂ ವೈದ್ಯರನ್ನೂ ಕರೆಸಬಹುದೇ, ಯಾವ ದಿನ ಎಲ್ಲರೂ ಊರಲ್ಲಿರುತ್ತಾರೆ ಅಂತ ಚರ್ಚಿಸಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.