ಮುಂದೆ ಹೋಗುವವನೂ ಹಿಂದೆ ಉಳಿಯುವವನೂ

ವಿದ್ಯಾರ್ಥಿಗಳ ಗೆಳೆತನದ ಗುಂಪುಗಳಲ್ಲಿ ದಿನವೂ ಓಡುವ, ದಂಡ ಬಸ್ಕಿ ಹೊಡೆಯುವ ಒಬ್ಬನಿರುವುದು ಅಪರೂಪವಲ್ಲ. ಉಳಿದವರು ಕುಳಿತಲ್ಲಿಂದ ಸುಲಭವಾಗಿ ಏಳದವರು. ಇಂಥ ಗುಂಪೊಂದು ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಿಂದ ಹತ್ತಲು ಹೊರಟಿತೆನ್ನೋಣ. ಸ್ವಲ್ಪ ದೂರ ಏರುವುದರೊಳಗೆ ಗುಂಪು ಒಡೆಯುತ್ತದೆ. “ಇಷ್ಟಕ್ಕೇ ಸುಸ್ತೇನೋ?” ಎಂದು ಮೇಲಿನವನು ಕೂಗುತ್ತಾನೆ, ಕೆಳಗಿನವನಿಗೆ ಉತ್ತರ ಕೊಡುವಷ್ಟು ಉಸಿರಿರುವುದಿಲ್ಲ. ಹಿಂದೆ ಉಳಿದವನು ಸೋಮಾರಿಯೆ? ಭೌತವಿಜ್ಞಾನದ ಸಣ್ಣ ಲೆಕ್ಕವೊಂದು ಇದನ್ನು ನಿರ್ಣಯಿಸಬಲ್ಲದು.

ಅಲ್ಲಿಯ ಮೆಟ್ಟಿಲುಗಳು ಸುಮಾರು ಸಾವಿರ. ಒಂದೊಂದರ ಎತ್ತರವನ್ನು 20 ಸೆಂಟಿಮೀಟರ್ ಎಂದು ಹಿಡಿದರೆ ಏರಬೇಕಾದುದು 200 ಮೀಟರ್. 60 ಕಿಲೋಗ್ರಾಂ ತೂಕದವನು ಗುರುತ್ವದ ವಿರುದ್ಧ ಮಾಡುವ ಕೆಲಸ 60 × 9.8 × 200, ಅಂದರೆ 1,17,600 ಜೌಲ್. ಅಷ್ಟೇ ತೂಕದ ಇಬ್ಬರಲ್ಲಿ ಒಬ್ಬನು ಪಟುವಾಗಿರಲಿ, ಇನ್ನೊಬ್ಬನು ಅಲ್ಲದಿರಲಿ, ಈ ಮೊತ್ತ ಬದಲಾಗುವುದಿಲ್ಲ. ಬದಲಾಗುವುದು ಕೆಲಸ ನಡೆಯುವ ದರ. ಇದನ್ನೇ ನಾವು ತರಗತಿಯಲ್ಲಿ ಸಾಮರ್ಥ್ಯವೆಂದು ಕರೆಯುತ್ತೇವೆ. 20 ನಿಮಿಷದಲ್ಲಿ ಏರಿದರೆ ಸಾಮರ್ಥ್ಯ 98 ವ್ಯಾಟ್. 40 ನಿಮಿಷದಲ್ಲಿ ಏರಿದರೆ 49 ವ್ಯಾಟ್.

ಇನ್ನು ದೇಹದ ಒಳಗಣ ಲೆಕ್ಕ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಏರುವ ಕೆಲಸಕ್ಕೆ ಒದಗುತ್ತದೆ. ಉಳಿದುದು ಶಾಖವಾಗಿ ಹೊರಬೀಳುತ್ತದೆ. ಆದುದರಿಂದ 98 ವ್ಯಾಟಿಗಾಗಿ ದೇಹವು ಸುಮಾರು 400 ವ್ಯಾಟಿನ ದರದಲ್ಲಿ ಶಕ್ತಿಯನ್ನು ಒದಗಿಸಬೇಕು. ಒಂದು ಲೀಟರ್ ಆಮ್ಲಜನಕವನ್ನು ಬಳಸಿದಾಗ ಸುಮಾರು 20,000 ಜೌಲ್ ದೊರೆಯುವುದರಿಂದ, ನಿಮಿಷಕ್ಕೆ 1.2 ಲೀಟರ್ ಬೇಕಾಯಿತು. ಸುಮ್ಮನೆ ಕುಳಿತಾಗಲೂ ಬೇಕಾಗುವ ಕಾಲು ಲೀಟರನ್ನು ಕೂಡಿಸಿದರೆ ಒಟ್ಟು ಸುಮಾರು 1.4 ಲೀಟರ್.

ಪ್ರತಿಯೊಬ್ಬನ ದೇಹವೂ ನಿಮಿಷವೊಂದಕ್ಕೆ ಬಳಸಬಲ್ಲ ಆಮ್ಲಜನಕಕ್ಕೆ ಒಂದು ಮೇರೆಯುಂಟು. ಇದರಲ್ಲಿ ಹುಟ್ಟಿನ ಪಾಲೂ ಇದೆ, ಅಭ್ಯಾಸದ ಪಾಲೂ ಇದೆ. ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲದಾಗುತ್ತದೆ. ನಮ್ಮ ಪಟುವಿನ ಮೇರೆ 3 ಲೀಟರ್, ಅವನ ಗೆಳೆಯನದು 2 ಲೀಟರ್ ಎಂದು ಭಾವಿಸೋಣ. ಅದೇ 20 ನಿಮಿಷದ ನಡಿಗೆಯಲ್ಲಿ ಮೊದಲನೆಯವನು ತನ್ನ ಮೇರೆಯ ಅರ್ಧಕ್ಕಿಂತ ಕಡಮೆ ದುಡಿದರೆ, ಎರಡನೆಯವನು ಶೇಕಡಾ 70ರಷ್ಟು ದುಡಿಯುತ್ತಾನೆ. ಗೆಳೆಯನು 40 ನಿಮಿಷ ತೆಗೆದುಕೊಂಡರೆ ಅವನಿಗೆ ಬೇಕಾದ ಆಮ್ಲಜನಕ 0.85 ಲೀಟರಿಗೆ ಇಳಿಯುತ್ತದೆ. ಅದು ಅವನ ಮೇರೆಯ ಶೇಕಡಾ 42. ಅಂದರೆ, ಅವನ 40 ನಿಮಿಷವೂ ಪಟುವಿನ 20 ನಿಮಿಷವೂ ದೇಹದ ಮಟ್ಟಿಗೆ ಹೆಚ್ಚುಕಡಮೆ ಒಂದೇ ಪ್ರಯಾಸ. ಹಿಂದೆ ಉಳಿದವನು ಕಡಮೆ ಶ್ರಮಪಟ್ಟಿಲ್ಲ.

ಹಾಗಾದರೆ ಪಟುವಿನ ಸಹವಾಸದಿಂದ ಉಳಿದವರಿಗೆ ಪ್ರಯೋಜನವಿಲ್ಲವೆ? ಖಂಡಿತವಾಗಿ ಉಂಟು. 1920ರ ದಶಕದಲ್ಲಿ ಒಟ್ಟೊ ಕೋಲರ್ ಎಂಬ ಜರ್ಮನ್ ಮನೋವಿಜ್ಞಾನಿಯು ಬರ್ಲಿನ್ನಿನ ದೋಣಿ ಹುಟ್ಟುಗಾರರನ್ನು ಜೊತೆ ಮಾಡಿ ಭಾರ ಎತ್ತಿಸಿದನು. ಒಬ್ಬನು ಕೈಬಿಟ್ಟರೆ ಇಬ್ಬರ ಕೆಲಸವೂ ನಿಲ್ಲುವಂತಿತ್ತು. ಆಗ ದುರ್ಬಲನಾದವನು ಒಂಟಿಯಾಗಿ ಮಾಡಿದುದಕ್ಕಿಂತ ಹೆಚ್ಚು ಹೊತ್ತು ತಾಳಿದನು. ಆದರೆ ಇಬ್ಬರ ಬಲದ ಅಂತರ ಮಿತವಾಗಿದ್ದಾಗಲೇ ಈ ಲಾಭ ಹೆಚ್ಚು. ಅಂತರ ತೀರ ದೊಡ್ಡದಾದರೆ ಅದು ಕುಗ್ಗಿತು. ಕೈಗೆಟುಕುವಷ್ಟು ಮುಂದಿರುವವನು ಹುರುಪು ಕೊಡುತ್ತಾನೆ. ಕಣ್ಣಿಗೆ ಕಾಣದಷ್ಟು ಮುಂದೆ ಹೋದವನಿಂದ ಆ ಉಪಕಾರವಾಗದು.

ಗೆಳೆಯರೆಲ್ಲ ಪೈಲ್ವಾನರಾಗಬೇಕೆಂಬ ನಿಯಮವೂ ಇಲ್ಲ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಮೆಟ್ಟಿಲನ್ನು ದಿನವಿಡೀ ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ, ಕುಳಿತೇ ದುಡಿಯುವ ಚಾಲಕರಿಗಿಂತ ಹೃದ್ರೋಗ ಕಡಮೆಯಾಗಿತ್ತು. ದೈನಂದಿನ ಚಲನೆಯು ಹೃದಯಕ್ಕೆ ಹಿತವೆಂಬುದನ್ನು ಮುಂದಿನ ಅನೇಕ ಸಂಶೋಧನೆಗಳೂ ಎತ್ತಿಹಿಡಿದಿವೆ. ಹೀಗಿರಲು, ಹಾಸ್ಯಕ್ಕೆ ನಾಚಿ ಗೆಳೆಯನು ನಡಿಗೆಯನ್ನೇ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ನಾಚಿಕೆಯಿಂದ ಎದೆನೋವನ್ನೋ ತಲೆಸುತ್ತನ್ನೋ ಮುಚ್ಚಿಟ್ಟರಂತೂ ಅಪಾಯವೇ ಸರಿ. ಅಂಥ ಲಕ್ಷಣ ಕಂಡೊಡನೆ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು.

ಗುಂಪಿನ ವೇಗವನ್ನು ನಿಶ್ಚಯಿಸಲು ಉಪಕರಣವೇನೂ ಬೇಡ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಮಾತನಾಡಬಲ್ಲನಾದರೂ ಹಾಡಲಾರನಾದರೆ ಅದು ಹಿತವಾದ ವೇಗ. ಮಾತೂ ತುಂಡಾಗತೊಡಗಿದರೆ ನಿಧಾನಿಸಬೇಕು. ಹೆಚ್ಚಿನ ಶ್ರಮ ಬಯಸುವ ಪಟುವು ಗೆಳೆಯರ ಚೀಲಗಳನ್ನು ತಾನು ಹೊತ್ತುಕೊಳ್ಳಲಿ. 12 ಕಿಲೋಗ್ರಾಂ ಹೊರೆಯಿಂದ ಅವನ ಕೆಲಸ ಐದನೆಯ ಒಂದು ಭಾಗ ಹೆಚ್ಚುವುದೆಂದು ವಾಚಕರೇ ಲೆಕ್ಕ ಮಾಡಿ ನೋಡಬಹುದು.